ಟ್ರ್ಯಾಕ್ಟರ್ ಯಾರ ಅಂಗಳಕ್ಕೆ

"ಗೊಯ್ಕೊನ ಅಂಗಳಕ್ಕೆ ಕೈ ಎತ್ತೋರು ಇನ್ಯಾರಾದ್ರೂ ಇದ್ದೀರಾ?" ಎಂದು ಊರ ಸಭೆಯಲ್ಲಿ ನೆರವಿನ ಸಂಸ್ಥೆಯ ಹುಡುಗಿ ಕೇಳಿದಾಗ, ಹಾಯ್ರಿಯಾ ಕೈ ಎತ್ತಿದಳು. ಯುದ್ಧ ಮುಗಿದ ಮೇಲೆ ಬೋಸ್ನಿಯಾದ ಆ ಹಳ್ಳಿಗೆ ಸಂಸ್ಥೆ ಒಂದೇ ಟ್ರ್ಯಾಕ್ಟರ್ ಕೊಟ್ಟಿತ್ತು. ಯುದ್ಧದಲ್ಲಿ ಕಾದಾಡಿದ್ದ ಸರ್ಬರೂ ಮುಸ್ಲಿಮರೂ ಹಂಚಿಕೊಂಡು ಉಳಬೇಕು, ಎಲ್ಲಿ ನಿಲ್ಲಿಸುವುದೆಂದು ತಾವೇ ತೀರ್ಮಾನಿಸಬೇಕು. ಸರ್ಬರೆಲ್ಲ ಗೊಯ್ಕೊನ ಕಡೆ, ಮುಸ್ಲಿಮರೆಲ್ಲ ಹಾಯ್ರಿಯಾಳ ಮೈದುನ ರಾಸಿಮನ ಕಡೆ. ಎರಡೂ ಕಡೆ ಕೈಗಳು ಸಮ; ಉಳಿದಿದ್ದವಳು ಅವಳೊಬ್ಬಳೇ.

"ಅತ್ತಿಗೆ, ಕೈ ಇಳಿಸು! ತಲೆ ಕೆಟ್ಟಿದ್ಯಾ ನಿಂಗೆ?" ರಾಸಿಮ್ ಕಿರುಚಿದ. ಅವನ ಹೆಂಡತಿ ನೆಲಕ್ಕೆ ಉಗುಳಿದಳು. ಹಾಯ್ರಿಯಾ ಇಳಿಸಲಿಲ್ಲ. ಬೆಳಿಗ್ಗೆ ಬೇಲಿಯ ಬಳಿ ಗೊಯ್ಕೊ ಪಿಸುಗುಟ್ಟಿದ್ದ: "ನನ್ನ ಕಡೆ ಕೈ ಎತ್ತಕ್ಕಾ. ನಿನ್ನ ಸೆನಾದ್‌ನ ಎಲ್ಲಿ ಹೂತಿದ್ದಾರೆ ಅಂತ ಹೇಳ್ತೀನಿ." ಯುದ್ಧದಲ್ಲಿ ಅವಳ ಮಗ ಸೆನಾದ್‌ನನ್ನು ಹಿಡಿದು ಲಾರಿಗೆ ಹತ್ತಿಸಿದವನು ಅವನೇ.

ಒಬ್ಬ ಮುಸ್ಲಿಂ ತಾಯಿ ಸರ್ಬನ ಪರ ಕೈ ಎತ್ತಿದಳೆಂದು ಸಂಸ್ಥೆಯ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿದಳು. ಹಾಯ್ರಿಯಾ ನೇರ ಗೊಯ್ಕೊನ ಮುಂದೆ ಹೋಗಿ ನಿಂತಳು.

"ಹೇಳೀಗ. ಎಲ್ಲಿ?"

"ಏನೆಲ್ಲಿ?"

"ನನ್ನ ಮಗ."

ಗೊಯ್ಕೊ ಟ್ರ್ಯಾಕ್ಟರಿನ ಕೀಲಿಯನ್ನು ಜೇಬಿಗಿಳಿಸಿ, ಎಲ್ಲರಿಗೂ ಕೇಳುವಂತೆ ಅಂದ: "ನಂಗೇನು ಗೊತ್ತಕ್ಕಾ? ಯುದ್ಧದಲ್ಲಿ ನಾನು ಊರಲ್ಲೇ ಇರ್ಲಿಲ್ವಲ್ಲ!"

ಹಾಯ್ರಿಯಾ ತನ್ನವರ ಕಡೆ ತಿರುಗಿದಳು. ಅಂದು ಅವಳ ಜೊತೆ ಆ ಲಾರಿಯ ಹಿಂದೆ ಓಡಿದ್ದವನು ರಾಸಿಮ್.

"ರಾಸಿಮ್, ಇವನೇ ಹತ್ತಿಸಿದ್ದನ್ನ ನೀನು ನೋಡಿದ್ದೀಯಲ್ಲ. ಹೇಳು."

"ನಾನೇನೂ ನೋಡಿಲ್ಲ" ಎಂದು ರಾಸಿಮ್ ಟೋಪಿ ತಲೆಗಿಟ್ಟುಕೊಂಡು ಹೊರನಡೆದ.