ಡಬಲ್ ಬೆಲ್

“ಅಮ್ಮಾ, ಮೊದಲು ಈ ದಾರ ಬಿಚ್ಚಿ. ಒಳಗೆ ಇದೆಲ್ಲ ತರೋ ಹಾಗಿಲ್ಲ,” ಎಂದಳು ನರ್ಸ್.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಮಲಗಿದ್ದ ಟೇಲರಮ್ಮನ ಕಿರುಬೆರಳಿನಿಂದ ಹೊರಟ ಕೆಂಪು ದಾರ, ಪಕ್ಕದಲ್ಲಿ ನಿಂತ ಗಂಡನ ಮಣಿಕಟ್ಟಿಗೆ ಗಂಟು ಬಿದ್ದಿತ್ತು. ಬಿಚ್ಚಲು ಅವಳು ಸುತರಾಂ ಒಪ್ಪಲಿಲ್ಲ. ಬಿಚ್ಚದೆ ಒಳಗೆ ಬಿಡುವುದಿಲ್ಲ, ಒಳಗೆ ಹೋಗದೆ ಗತಿಯಿಲ್ಲ. ಹಳೆಯ ಆಪರೇಷನ್ನಿನ ಹೊಲಿಗೆ ಒಳಗೇ ಬಿಟ್ಟುಕೊಂಡು ಕರುಳು ಹೊರಗೆ ಉಬ್ಬಿತ್ತು. ಅಲ್ಲೇ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಸಂಚಕಾರ. “ನನ್ನ ಅಂಗಡೀಲಿ ಇಂಥ ಹೊಲಿಗೆ ಹಾಕಿದ್ರೆ ಗಿರಾಕಿಗಳು ಮುಖಕ್ಕೆ ಎಸೆದು ಹೋಗ್ತಿದ್ರು,” ಎಂದು ನಿನ್ನೆಯವರೆಗೂ ಎಲ್ಲರನ್ನೂ ನಗಿಸಿದ್ದಳು. ಈಗ ದಾರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆ ಹಳೆಯ ಆಪರೇಷನ್ನಿನಲ್ಲಿ ಅರಿವಳಿಕೆ ಸಾಕಾಗಿರಲಿಲ್ಲ. ಮೈಯೆಲ್ಲ ಕಲ್ಲಾಗಿತ್ತು, ಎಚ್ಚರ ಮಾತ್ರ ತಪ್ಪಿರಲಿಲ್ಲ. ಕತ್ತರಿಯ ಸದ್ದು ಕೇಳಿಸಿತ್ತು. ದಿನವಿಡೀ ಕತ್ತರಿ ಹಿಡಿದವಳಿಗೆ ಅದರ ಸದ್ದು ತಿಳಿಯದೇ? ಕಿರುಬೆರಳೊಂದು ಅಲ್ಲಾಡಿದರೆ ಸಾಕು, ಯಾರಾದರೂ ನೋಡಿಯಾರು ಎಂದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದ್ದಳು. ಅಲ್ಲಾಡಲಿಲ್ಲ. ಆಮೇಲೆ ಹೇಳಿಕೊಂಡರೆ, “ಏನೋ ಕನಸು ಬಿದ್ದಿರ್ಬೇಕು ಬಿಡು” ಎಂದವರೇ ಎಲ್ಲರೂ. ಅಂದಿನಿಂದ ಕಣ್ಣು ಹತ್ತಿದರೆ ಸಾಕು, ಮತ್ತೆ ಕಲ್ಲಾಗಿಬಿಟ್ಟೆ, ಕೂಗಿದರೆ ಯಾರಿಗೂ ಕೇಳುವುದಿಲ್ಲ ಎಂಬ ಭಯ.

ನಂಬಿದವನು ಗಂಡನೊಬ್ಬನೇ. ಅವನೋ, ಬಸ್ ಕಂಡಕ್ಟರ್; ಮಲಗಿದನೆಂದರೆ ಕುಂಭಕರ್ಣ. ಕೂಗಿದರೆ ಏಳುವ ಪೈಕಿಯಲ್ಲ. ಅದಕ್ಕೆ ಅವನೇ ಉಪಾಯ ಹೂಡಿದ. ಬಸ್ಸಿನಲ್ಲಿ ಗಂಟೆಗೆ ಕಟ್ಟುವ ಹಗ್ಗದ ಹಾಗೆ, ಅವಳ ಕಿರುಬೆರಳಿಂದ ತನ್ನ ಕಾಲಿನ ಹೆಬ್ಬೆರಳಿಗೊಂದು ದಾರ. “ಒಂದು ಸಲ ಎಳೆದ್ರೆ ಸಿಂಗಲ್ ಬೆಲ್, ಎದ್ದು ಕೂತ್ಕೋತೀನಿ. ಎರಡು ಸಲ ಎಳೆದ್ರೆ ಡಬಲ್ ಬೆಲ್, ನೀನು ಆರಾಮಾಗಿದ್ದೀಯ ಅಂತ. ರೈಟ್ ರೈಟ್ ಅಂದು ಮಲಗ್ತೀನಿ.” ಎರಡು ವರ್ಷದಿಂದ ಬರೀ ಸಿಂಗಲ್ ಬೆಲ್ಲೇ. ಪ್ರತಿ ಸಲವೂ ಎದ್ದು, ದೀಪ ಹಾಕಿ, “ಇದ್ದೀನಿ ಕಣೇ” ಎನ್ನುತ್ತಿದ್ದ. ಡಬಲ್ ಬೆಲ್ ಒಮ್ಮೆಯೂ ಆಗಿರಲಿಲ್ಲ. ಕುಂಭಕರ್ಣನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಆದರೂ ಪುಣ್ಯಾತ್ಮ ಒಂದು ದಿನ ಬೇಸರದ ಮಾತಾಡಲಿಲ್ಲ.

“ನಾನೂ ಒಳಗೆ ಬರ್ಲಾ ಸಿಸ್ಟರ್? ಮೂಲೇಲಿ ನಿಂತಿರ್ತೀನಿ. ನಿಂತು ನಿಂತು ಅಭ್ಯಾಸ ನನಗೆ,” ಎಂದು ಅವನು ಗೋಗರೆಯುತ್ತಿದ್ದ.

ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಹೊರಗೆ ಬಂದರು. ಅವಳ ಹಳೆಯ ಕಥೆ ಅವರಿಗೆ ಗೊತ್ತಿತ್ತು. ದಾರ ನೋಡಿ ನಗಲಿಲ್ಲ.

“ಅವತ್ತು ಅಲ್ಲಾಡದ ಬೆರಳು ಇದೇನಾ?”

ಅವಳು ತಲೆಯಾಡಿಸಿದಳು.

“ಈ ಸಲ ತೋಳಿಗೊಂದು ಪಟ್ಟಿ ಬಿಗೀತೀನಿ. ಮೈ ಅಲ್ಲಾಡದ ಹಾಗೆ ಮಾಡೋ ಔಷಧಿ ಈ ಕೈಗೆ ಇಳಿಯಲ್ಲ. ಒಂಚೂರು ಎಚ್ಚರ ಆದ್ರೂ ಬೆರಳು ಆಡ್ಸಿ. ನಾನು ಹಿಡ್ಕೊಂಡೇ ಇರ್ತೀನಿ.”

“ನೀವು ನನ್ನ ಮಾತು ನಂಬ್ತೀರಾ ಡಾಕ್ಟ್ರೇ?”

“ನಂಬದೆ ಇದ್ದಿದ್ರೆ ಬೆರಳು ಯಾವುದು ಅಂತ ಯಾಕೆ ಕೇಳ್ತಿದ್ದೆ?”

ಟೇಲರಮ್ಮನ ಕಣ್ಣು ತುಂಬಿ ಬಂತು. ತಾನೇ ಹಲ್ಲಿನಿಂದ ಗಂಟು ಬಿಚ್ಚಿ, ದಾರದ ತುದಿಯನ್ನು ಗಂಡನ ಕೈಗಿಟ್ಟಳು.

“ಹೋಗಿ ಬಾ. ಈ ಸ್ಟಾಪ್ ಬಿಟ್ಟು ನಾನೆಲ್ಲೂ ಕದಲಲ್ಲ,” ಎಂದ ಅವನು.

ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ನಡುವೆ ಏನೂ ಇರಲಿಲ್ಲ, ಸದ್ದಿಲ್ಲ, ಬೆಳಕಿಲ್ಲ, ಕತ್ತರಿಯಿಲ್ಲ. ಆ ಏನೂ ಇಲ್ಲದ್ದನ್ನು ನೆನೆದೇ ಅವಳಿಗೆ ಅಳು ಬಂತು.

ತಳ್ಳುಗಾಡಿ ಹೊರಗೆ ಬಂದಾಗ ಬೆಂಚಿನ ಮೇಲೆ ಕಂಡಕ್ಟರ್ ಬಾಯಿ ಬಿಟ್ಟುಕೊಂಡು ಬಿದ್ದಿದ್ದ. ಮಣಿಕಟ್ಟಿನ ದಾರ ನೆಲಕ್ಕೆ ಜೋತಿತ್ತು. ಗೊರಕೆ ಕಾರಿಡಾರಿಗೆಲ್ಲ ಕೇಳುತ್ತಿತ್ತು.

“ಬೆರಳು ಆಡಲೇ ಇಲ್ಲ, ಚೆನ್ನಾಗಿ ನಿದ್ದೆ ಮಾಡಿದ್ರು ಅಂತ ಡಾಕ್ಟ್ರು ಬಂದು ಹೇಳಿದ್ದೇ ತಡ, ಅಲ್ಲೇ ಉರುಳಿಬಿಟ್ರು ನೋಡಿ,” ಎಂದು ನರ್ಸ್ ನಕ್ಕು, ಅವನ ಭುಜ ಅಲ್ಲಾಡಿಸಲು ಹೋದಳು.

“ಬೇಡ ಸಿಸ್ಟರ್, ಎಬ್ಬಿಸ್ಬೇಡಿ. ಅರೆಬರೆ ನಿದ್ದೆ ಕಷ್ಟ ಏನೂಂತ ನಂಗೊತ್ತು. ಗಾಡಿ ಸ್ವಲ್ಪ ಹತ್ತಿರ ತನ್ನಿ, ಆ ದಾರ ಇತ್ತ ಕೊಡಿ.”

ನರ್ಸ್ ಕೊಟ್ಟ ದಾರವನ್ನು ಅವಳು ಮೆಲ್ಲಗೆ ಎರಡು ಸಲ ಎಳೆದಳು.

ಕಂಡಕ್ಟರ್ ಕಣ್ಣು ಬಿಡಲಿಲ್ಲ. “ರೈಟ್... ರೈಟ್” ಎಂದು ಗೊಣಗಿ, ಮಗ್ಗುಲು ಹೊರಳಿ, ಗೊರಕೆ ಮುಂದುವರಿಸಿದ.