ಒಣ ತೂಕ

ಕಾರಿಗೆ ಕಟ್ಟಿ ಎಳೆಯುವ ಆ ಟ್ರೈಲರ್ ಮನೆಯ ಬಾಗಿಲಿನ ಚೀಟಿಯನ್ನು ಓದುತ್ತಿದ್ದ ನೊರೀನಳ ಬೆರಳು ‘ಒಣ ತೂಕ’ ಎಂಬಲ್ಲಿ ನಿಂತುಬಿಟ್ಟಿತು. ನೀರು, ಸಾಮಾನು ಏನೂ ತುಂಬದ ಖಾಲಿ ಟ್ರೈಲರಿನ ತೂಕವದು. ಆದರೆ ಆ ಮಾತು ಅವಳಿಗೆ ಹೊಸದಲ್ಲ. ಗಂಡನಿಗೆ ಮನೆಯಲ್ಲೇ ಡಯಾಲಿಸಿಸ್ ಆರಂಭವಾದಂದಿನಿಂದ ದಾದಿಯರು ಅದನ್ನೇ ಹೇಳುತ್ತಿದ್ದರು: ಮೈಯಲ್ಲಿ ನಿಂತ ನೀರೆಲ್ಲ ಹೊರಹೋದ ಮೇಲೆ ಉಳಿಯುವ ತೂಕ. ಹಾರ್ಲನ್ ಬೆಳಿಗ್ಗೆ ಆ ತೂಕಕ್ಕೆ ಇಳಿದಿರುತ್ತಾನೆ. ಸಂಜೆಯ ಹೊತ್ತಿಗೆ ಪಾದಗಳು ಮತ್ತೆ ಬಾತಿರುತ್ತವೆ.

“ನಿಮ್ಮ ಎಸ್‌ಯುವಿಗೆ ಇದೇನು ಭಾರ ಅಲ್ಲ ಸರ್,” ಎಂದ ಟ್ರೈಲರ್ ಮಾರುವ ಹುಡುಗ ಟ್ರಿಪ್, ಹಾರ್ಲನ್‌ನತ್ತ ತಿರುಗಿ. “ಘಾಟಿ ಇಳಿದಿದ್ದೇ ಗೊತ್ತಾಗಲ್ಲ.”

“ಇಳಿಯೋದೇ ನಂಗೆ ಭಯ ಕಣಪ್ಪ,” ಎಂದಳು ನೊರೀನ್. ಇಳಿಜಾರಿನಲ್ಲಿ ಹಿಂದಿನ ಮನೆಯು ಮುಂದಿನ ಗಾಡಿಯನ್ನು ದೂಡುತ್ತಿರುವ ಚಿತ್ರ ಅವಳ ಕಣ್ಣಿನಿಂದ ಸರಿಯುತ್ತಲೇ ಇರಲಿಲ್ಲ.

“ಜೀವಮಾನ ಪೂರ್ತಿ ಮೊಂಟಾನಾದ ಬೆಟ್ಟದಲ್ಲಿ ದಿಮ್ಮಿ ಲಾರಿ ಇಳಿಸಿದೋನು ನಾನು. ಈ ಅಡುಗೆಮನೆ ಇಳಿಸಕ್ಕೆ ಆಗಲ್ವೇನೇ?” ಎಂದ ಹಾರ್ಲನ್.

“ಅದಕ್ಕೆ ಲಾರಿ ಬ್ರೇಕಿತ್ತು. ಇದು ದಿನಸಿ ತರೋ ಗಾಡಿ.”

ಹಾರ್ಲನ್ ಟ್ರೈಲರಿನ ಒಳಗಿನ ಹಾಸಿಗೆಯತ್ತ ನೋಡಿದ. ಅದರ ಪಕ್ಕದಲ್ಲಿ ಗೋಡೆಯಗಲದ ಕಿಟಕಿ. ಅಲ್ಲಿ ಮಲಗಿಯೇ ಆರೆಗನ್ನಿನ ಕಡಲನ್ನು ನೋಡಬೇಕೆಂಬುದು ಅವನ ಆಸೆ. ಇನ್ನೊಂದು ಬೇಸಿಗೆ ಸಿಗುವುದೋ ಇಲ್ಲವೋ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

“ಕೊಕ್ಕೆ ಹಾಕಿ ನೋಡೇಬಿಡೋಣ,” ಎಂದಳು ನೊರೀನ್.

ಟ್ರಿಪ್ ಟ್ರೈಲರಿನ ಮೂತಿಯನ್ನು ಕೊಕ್ಕೆಯ ಮೇಲೆ ಇಳಿಸಿದ. ಎಸ್‌ಯುವಿಯ ಹಿಂಭಾಗ ನಿಧಾನವಾಗಿ ಕುಸಿಯಿತು. ಅದರ ಮುಂದಿನ ದೀಪಗಳು ರಸ್ತೆಯನ್ನು ಬಿಟ್ಟು ಪೈನ್ ಮರಗಳ ತುದಿಯನ್ನು ನೋಡತೊಡಗಿದವು.

“ಖಾಲಿ ಮನೆಗೆ ಹಿಂಗ್ಯಾಕೆ ಕೂತ್ಕೊಳ್ತು? ಗಾಡಿ ಹಿಂದೆ ಏನು ತುಂಬಿದ್ದೀಯ?” ಎಂದ ಹಾರ್ಲನ್.

“ನಿನ್ನನ್ನ.” ಅವಳು ಎಸ್‌ಯುವಿಯ ಹಿಂಬಾಗಿಲೆತ್ತಿ ಹೊದಿಕೆ ಸರಿಸಿದಳು. ಡಯಾಲಿಸಿಸ್ ದ್ರವದ ಪೆಟ್ಟಿಗೆಗಳು ಚಾವಣಿಯವರೆಗೆ ಇದ್ದವು. “ಇನ್ನೂ ಕುಡಿಯೋ ನೀರು, ಪಾತ್ರೆ, ಬಟ್ಟೆ ಹತ್ತಿಲ್ಲ. ನಾನೂ ಹತ್ತಿಲ್ಲ.”

“ಅದಕ್ಕೊಂದು ಸ್ಪ್ರಿಂಗ್ ಪಟ್ಟಿ ಬರತ್ತೆ ಸರ್,” ಟ್ರಿಪ್ ಅವಸರಿಸಿದ. “ಹಾಕಿದ್ರೆ ಹಿಂಭಾಗ ಮೇಲೇಳತ್ತೆ.”

“ಹಿಂಭಾಗ ಏಳತ್ತೆ. ತೂಕ ಇಳಿಯತ್ತೇನಪ್ಪ?” ಎಂದ ಹಾರ್ಲನ್.

ಅವನು ಪಕ್ಕದಲ್ಲಿದ್ದ ಚಿಕ್ಕ ಟ್ರೈಲರಿನ ಬಳಿಗೆ ನಡೆದ. ಅದರ ಕಿಟಕಿ ಊಟದ ತಟ್ಟೆಯಷ್ಟಿತ್ತು. ಅದನ್ನು ಬಹಳ ಹೊತ್ತು ನೋಡಿ, ಮೆಟ್ಟಿಲ ಮೇಲೆ ಕುಳಿತು, ಬಿಗಿಯತೊಡಗಿದ್ದ ಶೂ ದಾರವನ್ನು ಸಡಿಲಿಸಿದ.

“ಇದು ತುಂಬಾ ಹಗುರ ಸರ್. ಇದರ ಒಣ ತೂಕ...”

“ಒಣ ತೂಕ ಬೇಡ,” ಎಂದ ಹಾರ್ಲನ್, ತಲೆಯೆತ್ತದೆ. “ಸಂಜೆ ತೂಕ ಹೇಳು.”