ಬರೀ ಕಾಲರ್

"ಕತ್ತರಿ ಹಾಕಮ್ಮಾ, ಏನ್ ನೋಡ್ತಾ ನಿಂತೆ?" ಎಂದರು ಗಿರಾಕಿ.

ಮೇಜಿನ ಮೇಲೆ ಅವರು ತಂದ ತಿಳಿನೀಲಿ ಬಟ್ಟೆ ಹರಡಿತ್ತು. ದರ್ಜಿಯ ತಂಗಿ ಅಣ್ಣನ ದೊಡ್ಡ ಕತ್ತರಿ ಹಿಡಿದು ನಿಂತಿದ್ದಳು. ಒಂಬತ್ತು ವರ್ಷ ಹೊರದೇಶದ ಶರ್ಟ್ ಫ್ಯಾಕ್ಟರಿಯಲ್ಲಿ ದುಡಿದು ಹೋದ ವಾರವಷ್ಟೇ ಮನೆಗೆ ಮರಳಿದ್ದ ಅವಳಿಗೆ, ಆ ಕತ್ತರಿಯನ್ನು ಬಟ್ಟೆಯ ಯಾವ ಮೂಲೆಯಿಂದ ಆಡಿಸಬೇಕೆಂಬುದೇ ಗೊತ್ತಿರಲಿಲ್ಲ.

ಈ ಪೇಚಿನಲ್ಲಿ ಅಣ್ಣನ ಪಾಲೂ ಇತ್ತು. ಅವಳು ವಿಮಾನ ಇಳಿಯುವ ಮೊದಲೇ ಅವನು ಬೀದಿಗೆಲ್ಲ ಡಂಗುರ ಸಾರಿದ್ದ: ಇನ್ನು ಮುಂದೆ ನಮ್ಮ ಅಂಗಡಿಯಲ್ಲಿ ಫಾರಿನ್ ಹೊಲಿಗೆ! ಬಾಗಿಲ ಪಕ್ಕದ, ಬೆಳಕು ಚೆನ್ನಾಗಿ ಬೀಳುವ ತನ್ನ ಮೆಷಿನ್ನನ್ನೇ ಅವಳಿಗೆ ಬಿಟ್ಟುಕೊಟ್ಟು ತಾನು ಒಳಗಿನ ಹಳೆಯದಕ್ಕೆ ಸರಿದಿದ್ದ. ನಿಜ ಹೇಳಲು ಅವಳು ಬಾಯಿ ತೆರೆದಾಗಲೆಲ್ಲ ಅವನು ಯಾರಿಗೋ ಅವಳ ಗುಣಗಾನ ಮಾಡುತ್ತಿರುತ್ತಿದ್ದ. ನೀರು ಕುಡಿಯಲು ಏಳುವ ಮುನ್ನ ಅವಳು ಹಳೆ ಅಭ್ಯಾಸದಂತೆ ಕೈ ಎತ್ತಿ ಅಪ್ಪಣೆ ಕೇಳಿದರೆ, ಅದಕ್ಕೂ "ನೋಡಿ, ಅಲ್ಲಿನ ಶಿಸ್ತು!" ಎಂದು ಹೊಗಳಿಕೆ. ಇಷ್ಟು ಉಬ್ಬಿದವನ ಗಾಳಿ ತೆಗೆಯಲು ಯಾರಿಗೆ ಮನಸ್ಸು ಬರುತ್ತದೆ?

ಈಗ ಬಂದವರೋ, ಬೀದಿಯವರೆಲ್ಲ 'ಕನ್ನಡಿ ಸಾಹುಕಾರ' ಎಂದು ಕರೆಯುವ ಗಿರಾಕಿ. ಹೊಸ ಅಂಗಿ ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತರೆ ಊಟದ ಹೊತ್ತು ಮೀರಿದರೂ ಕದಲುವವರಲ್ಲ. ಎಡಕ್ಕೊಮ್ಮೆ ಎಳೆದುಕೊಂಡು, ಬಲಕ್ಕೊಮ್ಮೆ ಎಳೆದುಕೊಂಡು, ಕೊನೆಗೆ ನಿಟ್ಟುಸಿರು ಬಿಟ್ಟು ಹೊರಡುವವರು. "ಇಂಥ ಬಟ್ಟೆ ಇನ್ನೊಂದ್ಸಲ ಸಿಗಲ್ಲ. ನಿಮ್ಮಣ್ಣ ಇದಕ್ಕೆ ಕೈ ಹಾಕೋದು ಬೇಡ, ನೀನೇ ಹೊಲೀಬೇಕು" ಎಂದು ಬಂದ ಕೂಡಲೇ ಹೇಳಿಬಿಟ್ಟಿದ್ದರು.

ಅವಳು ಕತ್ತರಿ ಕೆಳಗಿಟ್ಟಳು. "ಸಾರ್, ನಂಗೆ ಶರ್ಟ್ ಹೊಲಿಯೋಕೆ ಬರಲ್ಲ."

ಒಳಗಿನ ಮೆಷಿನ್ನಿನ ಸದ್ದು ಗಕ್ಕನೆ ನಿಂತಿತು. "ತಮಾಷೆ ಮಾಡ್ತಾಳೆ ಸಾರ್" ಎಂದ ಅಣ್ಣ.

"ತಮಾಷೆ ಅಲ್ಲಣ್ಣ. ಅಲ್ಲಿ ತೋಳು ಹೊಲಿಯೋರು ಬೇರೆ, ಜೇಬು ಹೊಲಿಯೋರು ಬೇರೆ. ನಂದು ಕಾಲರ್. ಒಂಬತ್ತು ವರ್ಷ ಬರೀ ಕಾಲರ್. ಪೂರ್ತಿ ಶರ್ಟ್ ಹೆಂಗಿರುತ್ತೆ ಅಂತ ನಾನು ನೋಡ್ತಿದ್ದಿದ್ದೇ ಅಂಗಡಿಗಳಲ್ಲಿ ನೇತುಹಾಕಿದ್ದಾಗ."

"ಏನಯ್ಯಾ, ಊರಿಗೆಲ್ಲ ಹೇಳ್ಕೊಂಡು ಓಡಾಡಿದ್ದು ಇದನ್ನೇನಾ?" ಸಾಹುಕಾರರು ಬಟ್ಟೆ ಮಡಚತೊಡಗಿದರು.

ಅಣ್ಣನ ಮುಖ ಸಣ್ಣಗಾಯಿತು. ಅದನ್ನು ಕಂಡು ಅವಳಿಗೆ ಪಾಪ ಅನ್ನಿಸಿತು. ಆದರೆ ನಾಚಿಕೆ ಮಾತ್ರ ಆಗಲಿಲ್ಲ. ಒಂಬತ್ತು ವರ್ಷ ಅನ್ನ ಕೊಟ್ಟ ಕೆಲಸಕ್ಕೆ ಯಾಕೆ ನಾಚಬೇಕು? ಅವಳ ಕಣ್ಣು ಸಾಹುಕಾರರ ಕುತ್ತಿಗೆಯ ಸುತ್ತಲೇ ಓಡಾಡುತ್ತಿತ್ತು.

"ನೀವೀಗ ಹಾಕಿರೋ ಅಂಗಿ ಯಾರು ಹೊಲಿದಿದ್ದು ಸಾರ್?"

"ಇನ್ಯಾರು, ಇವನೇ. ನನ್ನ ಅಂಗಿ ಎಲ್ಲಾ ಇವನದೇ."

"ಬಿಚ್ಚಿ ಕೊಡಿ."

ಡಾಕ್ಟರು 'ನಾಲಿಗೆ ಚಾಚಿ' ಎನ್ನುವ ಧಾಟಿಯಲ್ಲೇ ಅಂದಳು. ಸಾಹುಕಾರರು ಎದುರು ಮಾತಾಡದೆ ಬಿಚ್ಚಿ ಕೊಟ್ಟು, ತಮ್ಮ ತಿಳಿನೀಲಿ ಬಟ್ಟೆಯನ್ನೇ ಹೊದ್ದು ಬೆಂಚಿನ ಮೇಲೆ ಕುಳಿತರು.

ಅವಳು ಹೊಲಿಗೆ ಬಿಚ್ಚಿ ಕಾಲರನ್ನು ಅಂಗಿಯಿಂದ ಬಿಡಿಸಿದಳು. ನಟ್ಟನಡುವೆ ಮಡಚಿ ಎರಡು ತುದಿಗಳನ್ನೂ ಒಂದರ ಮೇಲೊಂದು ಇಟ್ಟು ಅಣ್ಣನಿಗೆ ತೋರಿಸಿದಳು. ಒಂದು ಇನ್ನೊಂದಕ್ಕಿಂತ ಉಗುರಿನಷ್ಟು ಉದ್ದವಿತ್ತು. ಹೆಚ್ಚಿದ್ದುದನ್ನು ಸವರಿ, ಕಾಲರ್ ಬಿಗಿಯಾಗಿ ನಿಲ್ಲಲು ಒಳಗೆ ಹೊಸ ಕ್ಯಾನ್ವಾಸ್ ಇಟ್ಟು ಹೊಲಿದು, ಮಗುಚಿ, ಇಸ್ತ್ರಿ ಒತ್ತಿ ಮತ್ತೆ ಅಂಗಿಗೆ ಕೂಡಿಸಿದಳು. ಕೆಲಸದ ನಡುವೆ ಒಂದೆರಡು ಸಲ ಬೀದಿಯ ಕಡೆಗೂ ಕಣ್ಣು ಹಾಯಿಸಿದಳು. ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಸಾಹುಕಾರರು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಎಡಕ್ಕೆ ಎಳೆಯಲು ಹೋದ ಕೈ ಅರ್ಧದಲ್ಲೇ ನಿಂತಿತು.

"ಅಲ್ಲಯ್ಯಾ..." ಅವರು ಅಣ್ಣನ ಕಡೆ ತಿರುಗಿದರು. "ಇಷ್ಟು ವರ್ಷ ನನ್ನ ಕುತ್ತಿಗೇನೇ ಸೊಟ್ಟ ಅಂದ್ಕೊಂಡಿದ್ನಲ್ಲೋ! ನನ್ನ ಹೆಂಡ್ತಿನೂ ಹಾಗೇ ಅಂತಾಳಲ್ಲೋ!"

"ಬಟ್ಟೆ ಇಲ್ಲೇ ಬಿಟ್ಟು ಹೋಗಿ ಸಾರ್" ಎಂದಳು ತಂಗಿ. "ಅಂಗಿ ಅಣ್ಣ ಹೊಲೀತಾನೆ. ಭುಜ ಇವನ ಥರ ಕೂರಿಸೋರನ್ನ ನಾನು ಅಲ್ಲೂ ನೋಡಿಲ್ಲ. ಕಾಲರ್ ನಾನು ಹಾಕ್ತೀನಿ."

"ಮನೇಲಿರೋ ಅಂಗಿಗಳನ್ನೂ ತರ್ಲೇನಮ್ಮಾ?"

"ಎಲ್ಲಾ ತನ್ನಿ."

ಸಾಹುಕಾರರು ಹೆಂಡತಿಗೆ ಕುತ್ತಿಗೆ ತೋರಿಸಲು ದಡದಡನೆ ಹೊರಟುಹೋದರು. ಅಂಗಡಿಯಲ್ಲಿ ಅಣ್ಣತಂಗಿ ಇಬ್ಬರೇ ಉಳಿದರು. ಅಣ್ಣ ಬಟ್ಟೆಯ ಮೇಲೆ ಚಾಕ್‌ನಿಂದ ಗೆರೆ ಎಳೆಯುತ್ತಿದ್ದ, ತಲೆ ಎತ್ತಲಿಲ್ಲ.

"ಬೇಜಾರಾಯ್ತಾ ಅಣ್ಣ?"

"ಆಗದೆ ಇರುತ್ತಾ? ಗಿರಾಕಿ ಮುಂದೇನೇ ನನ್ನ ಮಾನ ತೆಗೆದೆ. ಬರೀ ಕಾಲರ್ ಅಂತ ಮೊದಲೇ ಒಂದು ಮಾತು ಹೇಳೋಕೇನಾಗಿತ್ತು?"

"ನೀನು ಹೊಗಳೋದು ನಿಲ್ಲಿಸಿದ್ರೆ ತಾನೆ!"

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಗಿದುಕೊಂಡೇ ಬಾಗಿಲವರೆಗೆ ಹೋಗಿ ಬೀದಿಯ ಆ ಕಡೆ ಈ ಕಡೆ ಇಣುಕಿ ನೋಡಿದ. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತಾನು ತೊಟ್ಟಿದ್ದ ಅಂಗಿಯನ್ನು ಬಿಚ್ಚಿ ಅವಳ ಮೆಷಿನ್ನಿನ ಮೇಲಿಟ್ಟು, ಬನಿಯನ್ನಿನಲ್ಲೇ ನಿಂತು ತಿಳಿನೀಲಿ ಬಟ್ಟೆಗೆ ಕತ್ತರಿ ಹಾಕಿದ.